ನಿಮಗಿದು ಗೊತ್ತೆ? ಹೊಟ್ಟೆಹುಣ್ಣಿಗೆ ಖಾರವಲ್ಲ ಕಾರಣ!

ಹೊಟ್ಟೆಹುಣ್ಣು ಎಂದರೆ ಖಾರ, ಚಿಂತೆ, ಹೊತ್ತುಗೊತ್ತಿಲ್ಲದ ಊಟದ ಫಲ ಎಂದೇ ವೈದ್ಯರೂ ದಶಕಗಳ ಕಾಲ ನಂಬಿದ್ದರು. ಜಠರದ ತೀವ್ರ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕದು ಎಂಬುದು ಆಗಿನ ತಿಳಿವಳಿಕೆ.

1979ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ರೋಗಿಗಳ ಜಠರದ ಅಂಗಾಂಶದಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯಾಗಳನ್ನು ಕಂಡರು. ಅವರ ಜತೆಗೂಡಿದ ಯುವ ವೈದ್ಯ ಬ್ಯಾರಿ ಮಾರ್ಷಲ್ ಅವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹೊರಟರೆ ಸೋಲಿನ ಮೇಲೆ ಸೋಲು. 1982ರ ಈಸ್ಟರ್ ರಜೆಯಲ್ಲಿ ಪ್ರಯೋಗದ ತಟ್ಟೆಗಳು ವಾಡಿಕೆಗಿಂತ ಹೆಚ್ಚು ದಿನ ಉಳಿದವು, ಬ್ಯಾಕ್ಟೀರಿಯಾ ಬೆಳೆದಿತ್ತು! ಆದರೂ ಹುಣ್ಣಿಗೆ ಈ ಬ್ಯಾಕ್ಟೀರಿಯಾವೇ ಕಾರಣ ಎಂಬುದನ್ನು ಹಲವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾದ ದ್ರಾವಣವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ. ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಂಡಿತು. ಎಂಥ ಧೈರ್ಯ! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆ ಬ್ಯಾಕ್ಟೀರಿಯಾವೇ ಹೆಲಿಕೋಬ್ಯಾಕ್ಟರ್ ಪೈಲೋರಿ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು ಆಮ್ಲದಿಂದ ಪಾರಾಗುತ್ತದೆ. ಪತ್ತೆಗೂ ಇದೇ ಗುಣ ನೆರವು: ಗುರುತು ಹಾಕಿದ ಇಂಗಾಲವಿರುವ ಯೂರಿಯಾ ಕುಡಿಸಿದರೆ, ಸೋಂಕಿರುವವರ ಉಸಿರಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಆ ಗುರುತು ಸಿಗುತ್ತದೆ. ಮಲಪರೀಕ್ಷೆಯೂ ಉಂಟು.

ಚಿಕಿತ್ಸೆಗೆ ಸಾಮಾನ್ಯವಾಗಿ ಎರಡು ವಾರ ಆಂಟಿಬಯಾಟಿಕ್‌ಗಳು, ಜತೆಗೆ ಆಮ್ಲ ತಗ್ಗಿಸುವ ಮಾತ್ರೆ. ನೋವು ನಿಂತಿತೆಂದು ನಡುವೆ ಬಿಟ್ಟರೆ ಸೋಂಕು ಉಳಿದುಬಿಡಬಹುದು. ಐಬುಪ್ರೊಫೆನ್, ಆಸ್ಪಿರಿನ್‌ನಂಥ ಮಾತ್ರೆಗಳಿಂದಲೂ ಹುಣ್ಣಾಗುತ್ತದೆ. ಹಾಗಾಗಿ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ವಾಂತಿಯಲ್ಲಿ ರಕ್ತ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.