ಸೀಟಿಗೆ ಭಾಷೆಯಿಲ್ಲ, ಕೂಗಿಗೆ ಇದೆ

ಕುಸಿದ ಕಟ್ಟಡದ ಮೇಲೆ ಕೆಲಸ ಮಾಡುವ ರಕ್ಷಣಾ ಸಿಬ್ಬಂದಿಗೆ ಮೂರು ಸೀಟಿಗಳ ಅರ್ಥ ತಿಳಿದಿರಲೇಬೇಕು. ಒಂದು ದೀರ್ಘ ಸೀಟಿ ಕೇಳಿದರೆ ಕೈಯಲ್ಲಿರುವ ಕೆಲಸವನ್ನು ನಿಲ್ಲಿಸಿ ನಿಶ್ಶಬ್ದರಾಗಬೇಕು. ಮೂರು ಚಿಕ್ಕ ಸೀಟಿ ಕೇಳಿದರೆ ತಕ್ಷಣ ಹೊರಗೆ ಬರಬೇಕು. ಒಂದು ದೀರ್ಘ, ಒಂದು ಚಿಕ್ಕ ಸೀಟಿ ಬಂದರೆ ಮತ್ತೆ ಕೆಲಸಕ್ಕೆ ತೊಡಗಬೇಕು. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಈ ಸಂಕೇತಗಳು ಟರ್ಕಿಯಲ್ಲಿಯೂ ನೇಪಾಳದಲ್ಲಿಯೂ ನಾಗಪುರದಲ್ಲಿಯೂ ಒಂದೇ. ಬೇರೆ ಬೇರೆ ನುಡಿಯ ಜನ ಒಂದೇ ಅವಶೇಷದ ಮೇಲೆ ನಿಂತಾಗ ಗೊಂದಲವಾಗಬಾರದೆಂಬುದು ಅವುಗಳ ಉದ್ದೇಶ.

ಆದರೆ ಆ ನಿಶ್ಶಬ್ದದಲ್ಲಿ ನಡೆಯುವ ಮುಂದಿನ ಕೆಲಸಕ್ಕೆ ಭಾಷೆ ಬೇಕು. ರಕ್ಷಕರು ಅವಶೇಷದ ಸುತ್ತ ನಿಂತು ಒಬ್ಬೊಬ್ಬರಾಗಿ ಕೂಗುತ್ತಾರೆ: ಒಳಗೆ ಯಾರಾದರೂ ಇದ್ದೀರಾ, ಕೇಳಿಸಿದರೆ ಐದು ಸಲ ಬಡಿಯಿರಿ. ಬಳಿಕ ಎಲ್ಲರೂ ಕಿವಿಗೊಟ್ಟು ಕಾಯುತ್ತಾರೆ. ಒಳಗೆ ಸಿಲುಕಿದವಳು ಜತ್ತ ಅಥವಾ ಅಕ್ಕಲಕೋಟೆ ಸೀಮೆಯ ಮುದುಕಿಯಾಗಿದ್ದು, ಆಕೆಗೆ ತಿಳಿದಿರುವುದು ಕನ್ನಡವೊಂದೇ ಆಗಿದ್ದರೆ, ಹಿಂದಿಯ ಆ ಕೂಗಿಗೆ ಅವಳು ಐದು ಸಲ ಬಡಿಯುವಳೆ?

ಈ ಪ್ರಶ್ನೆ ಗಡಿಭಾಗದವರಿಗೆ ಊಹೆಯದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 3 ಗಂಟೆ 56 ನಿಮಿಷಕ್ಕೆ, ಲಾತೂರು ಜಿಲ್ಲೆಯ ಕಿಲ್ಲಾರಿಯ ನೆಲ ನಡುಗಿತು. ಹಿಂದಿನ ರಾತ್ರಿ ಗಣಪತಿಯನ್ನು ಕಳುಹಿಸಿ ಬಂದವರು ಗಾಢ ನಿದ್ರೆಯಲ್ಲಿದ್ದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ತೊಲೆಯ ಮೇಲೆ ಬಿಸಿಲು ತಡೆಯಲು ಹಾಸಿದ ಮಣ್ಣಿನ ದಪ್ಪ ಪದರ: ಸೊಲ್ಲಾಪುರ, ಆಳಂದಗಳ ಹಳೆಯ ಮನೆಗಳನ್ನು ಕಂಡವರಿಗೆ ಈ ಕಟ್ಟಡದ ಬಗೆ ಪರಿಚಿತ. ಬೇಸಿಗೆಯಲ್ಲಿ ತಂಪಾಗಿ ಕಾಯ್ದ ಆ ಮನೆಗಳೇ ಅಂದು ಮಲಗಿದವರ ಮೇಲೆ ಕುಸಿದವು. ಸತ್ತವರು ಸುಮಾರು 10 ಸಾವಿರ. ಮೊದಲ ಗಂಟೆಗಳಲ್ಲಿ ಕಲ್ಲು ಸರಿಸಿದ್ದು ಬದುಕುಳಿದ ನೆರೆಹೊರೆಯವರ ಬರಿಗೈಗಳು. ಅನಂತರ ಸೈನ್ಯ ಬಂದಿತು. ವಿಪತ್ತಿಗೆಂದೇ ತರಬೇತಾದ ರಾಷ್ಟ್ರೀಯ ಪಡೆಯೊಂದು ಆಗ ದೇಶದಲ್ಲಿ ಇರಲಿಲ್ಲ.

ಅದು ಹುಟ್ಟಲು ಇನ್ನೂ ಹದಿಮೂರು ವರ್ಷ ಹಿಡಿಯಿತು. ನಡುವೆ 1999ರ ಒಡಿಶಾದ ಚಂಡಮಾರುತ, 2001ರ ಭುಜ್ ಭೂಕಂಪ, 2004ರ ಸುನಾಮಿ ಬಂದು ಹೋದವು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಯಾಯಿತು; ಮರುವರ್ಷ ಎನ್‌ಡಿಆರ್‌ಎಫ್ ಎಂದು ಪರಿಚಿತವಾದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಎಂಟು ಬೆಟಾಲಿಯನ್‌ಗಳೊಂದಿಗೆ ಆರಂಭವಾಯಿತು. ಈಗ ಅವು 16. ಒಂದೊಂದರಲ್ಲಿಯೂ 45 ಜನರ 18 ತಂಡಗಳು. ತಂಡದಲ್ಲಿ ಎಂಜಿನಿಯರ್, ಎಲೆಕ್ಟ್ರಿಷಿಯನ್, ವೈದ್ಯಕೀಯ ಸಹಾಯಕ, ವಾಸನೆ ಹಿಡಿಯುವ ನಾಯಿ, ಎಲ್ಲವೂ ಉಂಟು.

ಪಡೆ ಕಟ್ಟುವುದು ಆದೇಶದಿಂದ ಆಗುತ್ತದೆ, ಕಲಿಸುವವರನ್ನು ಕಟ್ಟುವುದು ಹಾಗಲ್ಲ. ನಾಗಪುರದಲ್ಲಿ 1957ರಷ್ಟು ಹಿಂದೆಯೇ ಕೇಂದ್ರ ಸರಕಾರ ತುರ್ತು ಪರಿಹಾರ ತರಬೇತಿ ಸಂಸ್ಥೆಯನ್ನು ತೆರೆದಿತ್ತು. ಮುಂದೆ ಅದು ರಾಷ್ಟ್ರೀಯ ನಾಗರಿಕ ರಕ್ಷಣಾ ಕಾಲೇಜಾಯಿತು. ಇಂದು ಎನ್‌ಡಿಆರ್‌ಎಫ್ ಅಕಾಡೆಮಿಯೂ ಅದೇ ಊರಿನಲ್ಲಿದೆ. 1998ರಲ್ಲಿ ಭಾರತ, ನೇಪಾಳ, ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ಗಳಲ್ಲಿ ಅಮೆರಿಕದ ನೆರವಿನಿಂದ ಆರಂಭವಾದ ಕಾರ್ಯಕ್ರಮವೊಂದು ಇನ್ನೊಂದು ದಾರಿ ಹಿಡಿಯಿತು. ಹೊರಗಿನ ಪರಿಣತರು ಬಂದು ಪಾಠ ಹೇಳಿ ಹೋಗುವುದಕ್ಕಿಂತ, ಚೆನ್ನಾಗಿ ಕಲಿತ ಕೆಲವರನ್ನು ಆರಿಸಿ ಅವರನ್ನೇ ಶಿಕ್ಷಕರನ್ನಾಗಿ ಮಾಡುವುದು ಅದರ ಕ್ರಮ. ಹಳ್ಳಿಯ ಶಾಲೆಗೆ ಹಳ್ಳಿಯ ಮಾಸ್ತರರೇ ಸಿಕ್ಕಂತೆ.

ಕಲಿಯುವ ವಿದ್ಯೆಯಾದರೂ ಎಂಥದು? ಅದರ ಬಹುಭಾಗ ತಾಳ್ಮೆ. ಬಿದ್ದ ತೊಲೆಯನ್ನು ಒಂದು ಅಂಗುಲ ಎತ್ತಿದರೆ, ಕೂಡಲೇ ಅದರ ಅಡಿಗೆ ಒಂದು ಅಂಗುಲದಷ್ಟು ಮರದ ತುಂಡುಗಳನ್ನು ಅಡ್ಡಡ್ಡಲಾಗಿ ಪೇರಿಸಬೇಕು; ಆಮೇಲೆ ಮುಂದಿನ ಅಂಗುಲ. ಜ್ಯಾಕ್ ಜಾರಿದರೂ ಭಾರ ಮತ್ತೆ ಮನುಷ್ಯನ ಮೇಲೆ ಬೀಳದು. ಕಾಲಿನ ಮೇಲೆ ಗಂಟೆಗಟ್ಟಲೆ ಕಲ್ಲು ಬಿದ್ದಿರುವವನನ್ನು ಎಳೆದು ತೆಗೆಯುವ ಅವಸರವೇ ಕೆಲವೊಮ್ಮೆ ಪ್ರಾಣ ತೆಗೆಯುತ್ತದೆ: ಜಜ್ಜಿದ ಸ್ನಾಯುವಿನಲ್ಲಿ ಕಟ್ಟಿಕೊಂಡ ವಿಷಾಂಶ, ಒತ್ತಡ ಸರಿದೊಡನೆ ರಕ್ತಕ್ಕೆ ಹರಿದು ಹೃದಯವನ್ನು ನಿಲ್ಲಿಸಬಲ್ಲದು. ಆದ್ದರಿಂದ ಕಲ್ಲು ಎತ್ತುವ ಮೊದಲೇ ಸಲೈನ್ ಏರಿಸುವುದನ್ನು ಕಲಿಸುತ್ತಾರೆ. ಕಿಲ್ಲಾರಿಯ ಬರಿಗೈಗಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಲೆಕ್ಕ ಮಾತ್ರ ಕಠಿಣವಾಗಿದೆ. ಹದಿನಾರು ಬೆಟಾಲಿಯನ್‌ಗಳ ತಂಡಗಳನ್ನೆಲ್ಲ ಕೂಡಿಸಿದರೆ 288. ದೇಶದ ಜನ ನೂರನಲವತ್ತು ಕೋಟಿ. ಮಹಾರಾಷ್ಟ್ರದ ಬೆಟಾಲಿಯನ್ ಇರುವುದು ಪುಣೆಯ ಬಳಿ, ಸೊಲ್ಲಾಪುರದಿಂದ ಸುಮಾರು 250 ಕಿಲೋಮೀಟರ್. ದಾರಿ ಸುಗಮವಾಗಿದ್ದರೂ ನಾಲ್ಕೈದು ಗಂಟೆ. ದಾರಿಯೇ ಇಲ್ಲವಾದರೆ? 2024ರ ಜುಲೈ 30ರ ಭೂಕುಸಿತದಲ್ಲಿ ವಯನಾಡಿನ ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿ ಮುಂಡಕೈ ಆಚೆಯೇ ಉಳಿಯಿತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು 190 ಅಡಿಯ ಬೈಲಿ ಸೇತುವೆ ಕಟ್ಟಿ ಮುಗಿಸಿದ್ದು ಆಗಸ್ಟ್ 1ರಂದು. ಆ ಮೊದಲ ಕತ್ತಲಲ್ಲಿ ಅಲ್ಲಿಯೂ ನೆರೆಯವರಿಗೆ ನೆರೆಯವರೇ ದಿಕ್ಕಾಗಿದ್ದರು.

ಹೀಗಾಗಿ ತರಬೇತಿ ನಾಗಪುರದಿಂದ ಊರಿಗೆ ಇಳಿಯಬೇಕಾಯಿತು. 2016ರಲ್ಲಿ ನೆರೆಪೀಡಿತ 30 ಜಿಲ್ಲೆಗಳಲ್ಲಿ ಮೊದಲಾದ ‘ಆಪದಾ ಮಿತ್ರ’ ಯೋಜನೆ ಮುಂದೆ 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಿತು. ಹನ್ನೆರಡು ದಿನಗಳ ತರಬೇತಿ, ಒಂದು ತುರ್ತು ಕಿಟ್, ಜೀವವಿಮೆ. ಕೇರಳವು 2018ರ ಮಹಾಪೂರದ ಬಳಿಕ ಅಗ್ನಿಶಾಮಕ ಇಲಾಖೆಯ ಅಡಿಯಲ್ಲಿ ನಾಗರಿಕ ರಕ್ಷಣಾ ಸ್ವಯಂಸೇವಕರ ಪಡೆಯನ್ನೇ ಕಟ್ಟಿತು. ಎನ್‌ಸಿಸಿ, ಎನ್‌ಎಸ್‌ಎಸ್, ಸ್ಕೌಟ್ಸ್ ಮತ್ತು ಗೈಡ್ಸ್ ತರುಣರಿಗಾಗಿ ‘ಯುವ ಆಪದಾ ಮಿತ್ರ’ ಎಂಬ ಇನ್ನೊಂದು ಯೋಜನೆಯೂ ಬಂದಿದೆ.

ಗಡಿಯ ಕನ್ನಡ ಶಾಲೆಗಳ ಮಕ್ಕಳಿಗೆ ಇಲ್ಲಿಯೇ ಒಂದು ಸ್ಥಾನವಿದೆ. ಜಿಲ್ಲೆಯ ತರಬೇತಿ ರಾಜ್ಯಭಾಷೆಯಲ್ಲಿ ನಡೆಯುವುದು ಸಹಜ. ಆದರೆ ಸಂಕಟದ ಹೊತ್ತಿನಲ್ಲಿ ಹಿರಿಯರ ಬಾಯಿಂದ ಬರುವುದು ತಾಯ್ನುಡಿ. ಮನೆ, ತರಗತಿಗಳಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೋ ಮಲಯಾಳವನ್ನೋ ಆಡುವ ಹುಡುಗ ಹುಡುಗಿಯರು ಈ ಎರಡರ ನಡುವೆ ನಿಲ್ಲಬಲ್ಲರು. ಕನ್ನಡ ಮಾಧ್ಯಮವೆಂದರೆ ಹಿಂದುಳಿಯುವುದು ಎಂದು ಅಳುಕುವ ಪಾಲಕರು ಈ ಮಾತನ್ನೂ ತೂಗಿ ನೋಡಬಹುದು. ಸ್ವಯಂಸೇವಕರ ಪಟ್ಟಿ ತಯಾರಾಗುವಾಗ ಕನ್ನಡ ಶಾಲೆಗಳ ಹೆಸರು ಅದರಲ್ಲಿ ಸೇರಿದೆಯೇ ಎಂದು ಶಾಲಾ ವ್ಯವಸ್ಥಾಪನ ಸಮಿತಿಗಳು ಜಿಲ್ಲಾಧಿಕಾರಿ ಕಚೇರಿಯನ್ನು ಕೇಳಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅವರೇ.

ಕಿಟ್ಟಿನ ಹಗ್ಗ, ಟಾರ್ಚುಗಳ ಜೊತೆಗೆ ನಾಲ್ಕು ಸಾಲಿನ ಒಂದು ಕನ್ನಡ ಹಾಳೆ ಇಟ್ಟರೆ ಅದಕ್ಕೆ ಹೆಚ್ಚು ಖರ್ಚಿಲ್ಲ. ಅದೂ ಈ ಸೀಮೆಯ ಅಜ್ಜಿಯರಿಗೆ ತಿಳಿಯುವ ಕನ್ನಡದಲ್ಲಿ: “ಒಳಗ ಯಾರದೀರಿ? ನಿಮ್ಮ ಜೋಡಿ ಇನ್ನಾ ಯಾರದಾರ? ಎಲ್ಲಿ ನೋವಾಗ್ಯಾದ? ಅಲ್ಲಾಡಬ್ಯಾಡ್ರಿ, ನಾವು ಇಲ್ಲೇ ಅದೀವಿ.”