ಬೆಳೆಗೆ ಸಿಂಪಡಿಸುವ ರಂಜಕಯುಕ್ತ ಔಷಧಗಳು: ಅವುಗಳ ರಸಾಯನವೂ ಮುನ್ನೆಚ್ಚರಿಕೆಯೂ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು ಸೀಮೆಯ ಬತ್ತದ ಗದ್ದೆಗಳಲ್ಲಿಯೂ, ಮಸ್ಕಿ ಲಿಂಗಸುಗೂರು ತಾಲ್ಲೂಕುಗಳ ಹತ್ತಿ ತೊಗರಿಗಳ ಹೊಲಗಳಲ್ಲಿಯೂ ಕೀಟನಾಶಕಗಳ ಉಪಯೋಗವು ಸಾಮಾನ್ಯವಾಗಿರುತ್ತದೆ. ಇವುಗಳ ಪೈಕಿ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಮೊದಲಾದುವು ಸಾವಯವ ರಂಜಕ ವರ್ಗಕ್ಕೆ ಸೇರಿದುವು. ಇವು ಕೀಟವನ್ನು ಕೊಲ್ಲುವ ಮಾರ್ಗದಿಂದಲೇ ಮನುಷ್ಯನನ್ನೂ ಕೊಲ್ಲಬಲ್ಲುವು. ಆದಕಾರಣ ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಇವುಗಳ ಸ್ವಭಾವವನ್ನು ಅರಿತಿರುವುದು ಅವಶ್ಯವು.

ಸಾವಯವ ವಸ್ತುಗಳು.— ಇಂಗಾಲವನ್ನು ಆಧಾರವಾಗಿ ಉಳ್ಳ ಸಂಯುಕ್ತಗಳಿಗೆ ಈ ಹೆಸರು. ಸಕ್ಕರೆ, ಎಣ್ಣೆ, ಹತ್ತಿಯ ನೂಲು ಇವೆಲ್ಲವೂ ಇಂಥವೇ. ಜೀವಿಗಳ ದೇಹದಲ್ಲಿ ಮಾತ್ರ ಇವು ಹುಟ್ಟುವುವೆಂದು ಪೂರ್ವದಲ್ಲಿ ನಂಬಲಾಗಿತ್ತು. 1828ರಲ್ಲಿ ಜರ್ಮನಿಯ ವೋಲರನು ಯೂರಿಯವನ್ನು ಪಾತ್ರೆಯಲ್ಲಿಯೇ ತಯಾರಿಸಿ ತೋರಿಸಿದನು. ಇಂದು ಬತ್ತಕ್ಕೆ ಹಾಕುವ ಗೊಬ್ಬರವೂ ಅದೇ ಯೂರಿಯವು.

ಎಸ್ಟರೆಂಬ ಬಂಧ.— ಆಮ್ಲವೂ ಆಲ್ಕೋಹಾಲೂ ಕೂಡಿ, ನಡುವೆ ನೀರು ಹೊರಬಿದ್ದರೆ ಎಸ್ಟರು ಉಂಟಾಗುತ್ತದೆ. ಶೇಂಗಾ ಎಣ್ಣೆಯು ಗ್ಲಿಸರಿನ್ನಿನೊಡನೆ ಮೇದಾಮ್ಲಗಳು ಕೂಡಿದ ಎಸ್ಟರು. ಅದನ್ನು ಕಾಸ್ಟಿಕ್ ಸೋಡದೊಡನೆ ಕಾಯಿಸಿದರೆ ಬಂಧವು ಮುರಿದು ಸಾಬೂನಾಗುವುದು. ಮೇಲ್ಕಂಡ ಔಷಧಗಳಲ್ಲಿ ಮೇದಾಮ್ಲದ ಸ್ಥಾನದಲ್ಲಿ ರಂಜಕದ ಆಮ್ಲವು, ಇಲ್ಲವೆ ಅದರ ಗಂಧಕಯುಕ್ತ ರೂಪವು ಇರುತ್ತದೆ. ಕ್ಷಾರವು ಈ ಬಂಧವನ್ನೂ ಸಡಿಲಿಸುವುದು. ಆದುದರಿಂದ ಇವನ್ನು ಸುಣ್ಣದೊಡನೆ ಬೆರೆಸಲಾಗದು. ಸವುಳು ಬಾವಿಯ ಕ್ಷಾರದ ನೀರಿನಲ್ಲಿ ಕಲಸಿ ರಾತ್ರಿಯಿಡೀ ಇಟ್ಟರೆ ಔಷಧದ ಶಕ್ತಿಯು ಕುಂದುವುದು.

ದೇಹದಲ್ಲಿ ಆಗುವ ಕೆಲಸ.— ನರದಿಂದ ಸ್ನಾಯುವಿಗೆ ಸಂದೇಶವನ್ನೊಯ್ಯುವ ಅಸಿಟೈಲ್ ಕೋಲಿನ್ ಸಹ ಒಂದು ಎಸ್ಟರೇ. ಅದರ ಕೆಲಸ ಮುಗಿದೊಡನೆ ಒಂದು ಕಿಣ್ವವು ಅದನ್ನು ಒಡೆಯುತ್ತದೆ. ವಿಷದ ರಂಜಕಭಾಗವು ಆ ಕಿಣ್ವಕ್ಕೇ ಅಂಟಿಕೊಂಡಾಗ ಸಂದೇಶವು ನಿಲ್ಲದೆ ಹರಿಯುವುದು. ಆಗ ಕಣ್ಣಿನ ಪಾಪೆ ಕಿರಿದಾಗುವುದು. ಜೊಲ್ಲು, ಬೆವರು, ವಾಂತಿ, ಸ್ನಾಯುಗಳ ಅದರಾಟ ತೋರುವುವು. ಕೊನೆಗೆ ಉಸಿರು ಕಟ್ಟುವುದು. ವಿಷವು ಬಾಯಿಯಿಂದ ಮಾತ್ರವಲ್ಲದೆ ಚರ್ಮದಿಂದಲೂ ಒಳಸೇರುವುದನ್ನು ಮರೆಯಲಾಗದು.

ಪ್ರತಿವಿಷ.— ಬೆಲ್ಲಡೋನ ಗಿಡದಿಂದ ದೊರೆಯುವ ಅಟ್ರೋಪಿನ್ ಎಂಬ ಸಾವಯವ ಕ್ಷಾರವು ಅತಿಯಾದ ಸಂದೇಶವನ್ನು ತಡೆಯುತ್ತದೆ. ಪ್ರಾಲಿಡಾಕ್ಸಿಮ್ ಎಂಬುದು ಕಿಣ್ವಕ್ಕೆ ಅಂಟಿದ ರಂಜಕವನ್ನು ಬಿಡಿಸುತ್ತದೆ. ತಡವಾದರೆ ಬಂಧವು ಬಲಿತು ಅದು ನಿಷ್ಫಲವಾಗುವುದು. ಅಟ್ರೋಪಿನ್ ದತ್ತೂರಿಯಲ್ಲಿಯೂ ಉಂಟೆಂದು ಅದರ ಎಲೆ ಬೀಜಗಳನ್ನು ಮನೆಯಲ್ಲಿ ಕೊಡುವುದು ವಿಷಕ್ಕೆ ವಿಷವನ್ನು ಕೂಡಿಸಿದಂತೆ. ಪ್ರಮಾಣವನ್ನು ವೈದ್ಯನೇ ನಿಶ್ಚಯಿಸತಕ್ಕದ್ದು.

ಮಾಡತಕ್ಕ ಕಾರ್ಯ.— 1971ರ ಕೀಟನಾಶಕ ನಿಯಮಗಳ ಮೇರೆಗೆ ಡಬ್ಬಿಯ ಮೇಲೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತ್ಯಂತ ವಿಷಕಾರಿ. ಹಳದಿ, ನೀಲಿ, ಹಸಿರು ಅನುಕ್ರಮವಾಗಿ ಕಡಿಮೆ. ಕೂಲಿಯಾಳುಗಳಿಗೆ ಕೈಚೀಲ, ತುಂಬುತೋಳಿನ ಅಂಗಿ, ಮುಖವಸ್ತ್ರಗಳನ್ನು ಒದಗಿಸುವುದು ಹೊಲದ ಒಡೆಯನ ಹೊಣೆ. ಗಾಳಿಗೆ ಎದುರಾಗಿ ಸಿಂಪಡಿಸಲಾಗದು. ಕಟ್ಟಿದ ನಳಿಕೆಯನ್ನು ಬಾಯಿಂದ ಊದಲಾಗದು. ವಿಷ ತಗುಲಿದವನ ಬಟ್ಟೆ ಕಳಚಿ, ಸಹಾಯಕರು ತಮ್ಮ ಕೈಗಳನ್ನು ಕಾಪಾಡಿಕೊಂಡು, ಸಾಬೂನು ನೀರಿನಿಂದ ಮೈ ತೊಳೆಯಬೇಕು. ವಾಂತಿ ಮಾಡಿಸದೆ, 108ಕ್ಕೆ ಕರೆಮಾಡಿ, ಡಬ್ಬಿಯ ಚೀಟಿಸಹಿತ ತತ್‌ಕ್ಷಣವೇ ಆಸ್ಪತ್ರೆಗೆ ಸಾಗಿಸಬೇಕು.

ಉಳಿದ ಔಷಧವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಲಾಗದು. ಅದಕ್ಕೆ ಬೀಗವಿರಲಿ, ಬೀಗದ ಕೈ ಒಬ್ಬರ ವಶದಲ್ಲಿರಲಿ. ಮಕ್ಕಳ ಕೈಗೂ, ದುಃಖದ ಗಳಿಗೆಯಲ್ಲಿ ದೊಡ್ಡವರ ಕೈಗೂ ವಿಷವು ಸುಲಭವಾಗಿ ಎಟುಕದಂತೆ ಮಾಡಿದರೆ ಗ್ರಾಮದಲ್ಲಿ ಅನೇಕ ಪ್ರಾಣಗಳು ಉಳಿಯುವುವು.