ಶಾಖಶೋಧಕಗಳು: ಗೋದಾಮಿನ ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ವರ್ಷಾಂತ್ಯದ ದಾಸ್ತಾನು ಪರಿಶೀಲನೆಗಾಗಿ ಹಿಂದೊಮ್ಮೆ ಹತ್ತಿ ಗೋದಾಮೊಂದಕ್ಕೆ ಹೋಗಿದ್ದೆ. ಚಾವಣಿಯಲ್ಲಿ ಸಾಲಾಗಿ ಹೀಟ್ ಡಿಟೆಕ್ಟರುಗಳಿದ್ದವು. ಆದರೆ ಚಾವಣಿಗೆ ಬಣ್ಣ ಬಳಿದವರು ಅವುಗಳನ್ನೂ ಬಿಟ್ಟಿರಲಿಲ್ಲ. ಖರೀದಿಯ ಬಿಲ್ಲು, ಅಳವಡಿಕೆಯ ಪ್ರಮಾಣಪತ್ರ, ವಿಮಾ ಪಾಲಿಸಿ ಎಲ್ಲವೂ ಕಡತದಲ್ಲಿ ಕ್ರಮಬದ್ಧವಾಗಿದ್ದವು. ಉಪಕರಣಗಳು ಮಾತ್ರ ಸಕಾಲದಲ್ಲಿ ಎಚ್ಚರಿಸುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಈ ಉಪಕರಣದ ಕಾರ್ಯವಿಧಾನವನ್ನು ಮಾಲೀಕರೇ ಅರಿತಿರುವುದು ಒಳ್ಳೆಯದು.

ಶಾಖಶೋಧಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ನಿಗದಿತ ತಾಪಮಾನದ ಬಗೆ. ಸುತ್ತಲಿನ ಶಾಖವು ಗೊತ್ತುಪಡಿಸಿದ ಮಟ್ಟವನ್ನು, ಸಾಮಾನ್ಯವಾಗಿ ಸುಮಾರು 57 ಡಿಗ್ರಿ ಸೆಲ್ಸಿಯಸ್ಸನ್ನು, ಮುಟ್ಟಿದಾಗ ಇದು ಎಚ್ಚರಿಸುತ್ತದೆ. ಕೆಲವುಗಳಲ್ಲಿ ಬೇಗ ಕರಗುವ ಮಿಶ್ರಲೋಹದ ತುಣುಕು ಕರಗಿ ವಿದ್ಯುತ್ ಸಂಪರ್ಕ ಏರ್ಪಡುತ್ತದೆ. ಇವು ಒಮ್ಮೆ ಮಾತ್ರ ಉಪಯುಕ್ತ. ಇನ್ನು ಕೆಲವುಗಳಲ್ಲಿ ಎರಡು ಲೋಹಗಳ ಜೋಡುಪಟ್ಟಿ ಕಾದು ಬಾಗುತ್ತದೆ. ಇತ್ತೀಚಿನವುಗಳಲ್ಲಿ ಥರ್ಮಿಸ್ಟರ್ ಇರುತ್ತದೆ.

ಎರಡನೆಯದು ಶಾಖ ಏರುವ ವೇಗವನ್ನು ಗ್ರಹಿಸುವ ಬಗೆ. ಇದರ ಹಳೆಯ ಮಾದರಿಯಲ್ಲಿ ಸಣ್ಣ ರಂಧ್ರವುಳ್ಳ ಗಾಳಿಯ ಕೋಶವಿರುತ್ತದೆ. ಶಾಖ ನಿಧಾನವಾಗಿ ಏರಿದರೆ ಹಿಗ್ಗಿದ ಗಾಳಿ ರಂಧ್ರದಿಂದ ಹೊರಹೋಗುತ್ತದೆ. ನಿಮಿಷಕ್ಕೆ ಸುಮಾರು 8 ಡಿಗ್ರಿಯಂತೆ ಏರಿದರೆ ಗಾಳಿಗೆ ಹೊರಹೋಗಲು ಅವಕಾಶವಾಗದೆ, ತೆಳುಪೊರೆಯನ್ನು ಒತ್ತಿ ಗಂಟೆ ಬಾರಿಸುತ್ತದೆ. ಬಾಯ್ಲರ್ ಅಥವಾ ಒಲೆಯಿಂದ ಹಠಾತ್ತನೆ ಬಿಸಿಗಾಳಿ ಏಳುವ ಸ್ಥಳಕ್ಕೆ ಈ ಬಗೆ ಸಲ್ಲದು.

ಧೂಳು, ಹಬೆ, ಅಡುಗೆಯ ಹೊಗೆ ಇರುವೆಡೆ ಹೊಗೆಶೋಧಕಗಳು ಪದೇ ಪದೇ ಸುಳ್ಳು ಎಚ್ಚರಿಕೆ ನೀಡುತ್ತವೆ. ಅಂತಹ ಕಡೆ ಶಾಖಶೋಧಕವೇ ಯೋಗ್ಯ. ಆದರೆ ಅದರ ಮಿತಿಯನ್ನು ಮರೆಯಬಾರದು. ಹತ್ತಿಯ ಬೇಲಿನೊಳಗೆ ಹೊಗೆಯಾಡುತ್ತಿರುವ ಬೆಂಕಿ ಚಾವಣಿಯನ್ನು ಕಾಯಿಸಲು ಬಹುಕಾಲ ಹಿಡಿಯಬಹುದು. ಅಷ್ಟರಲ್ಲಿ ಸರಕು ಹಾಳಾಗಿರುತ್ತದೆ. ಜನರಿರುವ ಕಟ್ಟಡಗಳಲ್ಲಂತೂ ಇದೊಂದನ್ನೇ ನೆಚ್ಚುವುದು ಅಪಾಯಕರ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಮೃತಪಟ್ಟರು. ಹೊಗೆ ತುಂಬಿದ ಕಟ್ಟಡದಿಂದ ಪಾರಾಗಲು ಮೇಲಂತಸ್ತಿನಿಂದ ಧುಮುಕಿದವರೂ ಅವರಲ್ಲಿದ್ದರು. ಬೆಂಕಿಗಿಂತ ಮೊದಲು ಹೊಗೆ ಪ್ರಾಣಕ್ಕೆರವಾಗುತ್ತದೆ. ಸಿಬ್ಬಂದಿ ಇರುವೆಡೆ ಹೊಗೆಶೋಧಕ ಅವಶ್ಯ.

ಇನ್ನು ಲೆಕ್ಕದ ಮಾತು. ಬೆಂಕಿಗೆ ಆಹುತಿಯಾದ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲವೆಂದು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಕಲಂ 17(5)(ಎಚ್) ವಿಧಿಸುತ್ತದೆ. ಅಂದರೆ ಆಗಲೇ ಪಡೆದ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. ಸರಕಿನ ಬೆಲೆಯನ್ನಷ್ಟೇ ವಿಮೆಗೆ ಒಳಪಡಿಸಿ ಈ ತೆರಿಗೆಯ ಮೊತ್ತವನ್ನು ಬಿಟ್ಟಿದ್ದಲ್ಲಿ, ಆ ಹೊರೆ ಮಾಲೀಕರ ಮೇಲೆಯೇ ಬೀಳುತ್ತದೆ. ಅಗ್ನಿಸೂಚಕ ವ್ಯವಸ್ಥೆಯಿದೆಯೆಂದು ವಿಮಾ ಪ್ರಸ್ತಾವದಲ್ಲಿ ಬರೆದುಕೊಟ್ಟಿದ್ದರೆ, ಅದರ ನಿರ್ವಹಣೆಯ ದಾಖಲೆಗಳನ್ನು ಸರ್ವೇಯರು ಕೇಳಬಹುದೆಂಬುದೂ ನೆನಪಿರಲಿ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಅಳವಡಿಕೆಯು ಭಾರತೀಯ ಮಾನಕ ಐಎಸ್ 2189ಕ್ಕೆ ಅನುಗುಣವಾಗಿದೆಯೆಂದು ಗುತ್ತಿಗೆದಾರರಿಂದ ಲಿಖಿತವಾಗಿ ಪಡೆಯಿರಿ.

2. ತಗಡಿನ ಚಾವಣಿಯಡಿ ಬೇಸಿಗೆಯ ಗರಿಷ್ಠ ತಾಪಮಾನವನ್ನು ಅಳೆಸಿ, ಅದಕ್ಕಿಂತ ಸಾಕಷ್ಟು ಹೆಚ್ಚಿನ ಮಟ್ಟದ ಡಿಟೆಕ್ಟರನ್ನೇ ಆರಿಸಿ.

3. ಡಿಟೆಕ್ಟರಿಗೆ ಬಣ್ಣ ಬಳಿಯಗೊಡಬೇಡಿ; ಅದಕ್ಕೆ ತಾಗುವಂತೆ ಸರಕನ್ನು ಪೇರಿಸಬೇಡಿ.

4. ತಜ್ಞರಿಂದ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ ದಿನಾಂಕಸಹಿತ ರಿಜಿಸ್ಟರಿನಲ್ಲಿ ದಾಖಲಿಸಿ. ಬೆಂಕಿಯ ಜ್ವಾಲೆ ಹಿಡಿದು ಪರೀಕ್ಷಿಸುವುದು ಸರ್ವಥಾ ಸಲ್ಲದು.

ದಾಸ್ತಾನು ಎಣಿಸುವ ದಿನವೇ ಚಾವಣಿಯತ್ತಲೂ ಒಮ್ಮೆ ಕಣ್ಣು ಹಾಯಿಸುವ ರೂಢಿ ಬೆಳೆಸಿಕೊಂಡರೆ, ಕಡತದಲ್ಲಿರುವ ರಕ್ಷಣೆ ಗೋದಾಮಿನಲ್ಲೂ ಇದೆಯೇ ಎಂಬುದು ತಿಳಿಯುತ್ತದೆ.